ದೂರದ ಭಂಡಾರಗಳು, ಮನೆಯ ಬೀರುಗಳು

ಕಳೆದ ಬೇಸಿಗೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ತಮ್ಮ ಮೊಮ್ಮಗಳನ್ನು ವಾಚನಾಲಯಕ್ಕೆ ಕರೆದುಕೊಂಡು ಬಂದರು. ಚೆನ್ನೈಯಲ್ಲಿಯೇ ಹುಟ್ಟಿ ಬೆಳೆದ ಹುಡುಗಿ. ಮನೆಯಲ್ಲಿ ಕನ್ನಡವಾಡಿ, ಸಂಘದ ಭಾನುವಾರದ ತರಗತಿಯಲ್ಲಿ ಅಕ್ಷರ ಕಲಿತವಳು. ಈಗ ಖಾಸಗಿ ವಿದ್ಯಾಸಂಸ್ಥೆಯೊಂದರಲ್ಲಿ ಇತಿಹಾಸ ಸಂಶೋಧನೆಗೆ ತೊಡಗಿದ್ದಾಳೆ. ಬಹಮನಿ ಕಾಲದ ಕುದುರೆ ವ್ಯಾಪಾರ ಅವಳ ವಿಷಯ. "ಮಾಮಾ, ನಮ್ಮ ಆಳಂದದ ಜಾತ್ರೆಯನ್ನು ಒಬ್ಬ ರಷ್ಯನ್ ವ್ಯಾಪಾರಿ ಕಣ್ಣಾರೆ ಕಂಡು ಬರೆದಿದ್ದಾನಂತೆ. ಅವನ ಮೂಲ ಎಲ್ಲಿ ಸಿಗುತ್ತದೆ?" ಎಂದು ಅವಳು ಕೇಳಿದಾಗ, ವಾಚನಾಲಯದಲ್ಲಿ ಪತ್ರಿಕೆ ಓದುತ್ತಿದ್ದ ಐದಾರು ಮಂದಿ ಹಿರಿಯರೂ ಈ ಲೇಖಕನೂ ಪರಸ್ಪರ ಮುಖ ನೋಡಿಕೊಂಡೆವು. ಕನ್ನಡ ನಾಡಿನ ಚರಿತ್ರೆಯ ಒಂದು ಪ್ರಶ್ನೆಗೆ ಉತ್ತರ ಕೊಡಲು ಕನ್ನಡ, ಸಂಸ್ಕೃತ, ಪಾರಸಿ, ಪೋರ್ಚುಗೀಸು ಬೇಕಾಗಬಹುದೆಂದು ನಾವು ಬಲ್ಲೆವು. ರಷ್ಯನ್ ಭಾಷೆಯೂ ಬೇಕಾದೀತೆಂಬುದು ನಮ್ಮ ಎಣಿಕೆಯಲ್ಲಿರಲಿಲ್ಲ.

ಆ ವ್ಯಾಪಾರಿಯ ಹೆಸರು ಅಫನಾಸಿ ನಿಕಿತಿನ್. ವೋಲ್ಗಾ ತೀರದ ತ್ವೇರ್ ನಗರದವನು. ಹೊರ್ಮುಜ್‌ನಿಂದ ಮಾರಾಟಕ್ಕೆಂದು ಒಂದೇ ಒಂದು ಕುದುರೆಯನ್ನು ಹಡಗಿಗೇರಿಸಿಕೊಂಡು ನಮ್ಮ ಪಶ್ಚಿಮ ಕರಾವಳಿಗೆ ಬಂದಿಳಿದ. ಜುನ್ನಾರಿನಲ್ಲಿ ಅಲ್ಲಿಯ ಖಾನನು ಕುದುರೆಯನ್ನು ಕಿತ್ತಿಟ್ಟುಕೊಂಡು, ಮತ ಬದಲಿಸಿದರೆ ಮರಳಿ ಕೊಡುವೆನೆಂದಾಗ, ಖುರಾಸಾನಿನವನೊಬ್ಬ ನಡುವೆ ನಿಂತು ಬಿಡಿಸಿಕೊಟ್ಟನಂತೆ. ಬಹುಕಾಲ ಮೇವು ಹಾಕಿ ಸಾಕಿದ ಆ ಕುದುರೆಯನ್ನು ಕಡೆಗೆ ಬೀದರಿನಲ್ಲಿ ಮಾರಿದ. ಸುಲ್ತಾನನ ಮೆರವಣಿಗೆ, ಮಲಿಕ್-ಉತ್-ತುಜ್ಜಾರ್ ಎಂದು ಅವನು ಕರೆಯುವ ಮಹಮೂದ್ ಗವಾನನ ವೈಭವ, ಹಳ್ಳಿಗರ ಬಡತನ, ಆಳಂದದಲ್ಲಿ ಷೇಕ್ ಅಲಾಉದ್ದೀನನ ಹೆಸರಿನಲ್ಲಿ ನೆರೆಯುವ ಜಾತ್ರೆ, ಅಲ್ಲಿಗೆ ಮಾರಾಟಕ್ಕೆ ಬರುವ 20,000ದಷ್ಟು ಕುದುರೆಗಳು, ಬೀದರಿನ ಹಿಂದೂಗಳ ಜೊತೆಗೂಡಿ ಶ್ರೀಶೈಲಕ್ಕೆ ಮಾಡಿದ ಯಾತ್ರೆ, ರಾಯಚೂರಿನ ವಜ್ರ—ಇವೆಲ್ಲವನ್ನೂ ಬರೆದಿಟ್ಟು, ಸ್ವದೇಶದ ದಾರಿ ಹಿಡಿದು, ಮನೆ ಮುಟ್ಟುವ ಮೊದಲೇ ಸ್ಮೊಲೆನ್ಸ್ಕ್ ಸಮೀಪ ತೀರಿಕೊಂಡ. ಅವನ ಬರಹ 1475ರಲ್ಲಿ ಮಾಸ್ಕೋದ ಅಧಿಕಾರಿ ವಸೀಲಿ ಮಾಮಿರೆವ್ ಎಂಬಾತನ ಕೈಸೇರಿ ಅಲ್ಲಿಯ ವೃತ್ತಾಂತಗ್ರಂಥಗಳಲ್ಲಿ ಸೇರಿಹೋಯಿತು. ಮೂರು ಶತಮಾನಗಳಿಗೂ ಮಿಗಿಲಾದ ಅಜ್ಞಾತವಾಸದ ಬಳಿಕ ಇತಿಹಾಸಕಾರ ಕರಮ್ಜಿನ್ ಮಠವೊಂದರ ಗ್ರಂಥಭಂಡಾರದಲ್ಲಿ ಅದನ್ನು ಕಂಡು ಲೋಕಕ್ಕೆ ತಿಳಿಸಿದ.

ನಮ್ಮಲ್ಲಿ ಬಹಮನಿಯರನ್ನು ಕುರಿತು ಬರೆದವರು ನಿಕಿತಿನನನ್ನು ಉಲ್ಲೇಖಿಸಿಲ್ಲವೆಂದಲ್ಲ. ಆದರೆ ಬಹುಪಾಲು ಉಲ್ಲೇಖಗಳ ಆಧಾರ ಹಕ್ಲೂಟ್ ಸೊಸೈಟಿಯವರು 1857ರಲ್ಲಿ ಹೊರತಂದ ಇಂಗ್ಲಿಷ್ ಅನುವಾದ. ಅದಾದ ಮೇಲೆ ರಷ್ಯನ್ ವಿದ್ವಾಂಸರು 1948, 1958 ಮತ್ತು 1986ರಲ್ಲಿ ಪಾಠಾಂತರಗಳನ್ನು ತಾಳೆ ನೋಡಿ ಪರಿಷ್ಕೃತ ಆವೃತ್ತಿಗಳನ್ನು ತಂದರು. 1466ರಿಂದ 1472 ಎಂದು ಹಿಂದೆ ನಂಬಿದ್ದ ಪ್ರವಾಸಕಾಲವನ್ನು 1468ರಿಂದ 1474ರ ಆಸುಪಾಸಿಗೆ ಸರಿಸಬೇಕೆಂಬ ವಾದ ಪ್ರಬಲವಾಯಿತು. ಎರಡು ವರ್ಷಗಳ ವ್ಯತ್ಯಾಸ ಓದುಗರಿಗೆ ಅಲ್ಪವೆನಿಸಬಹುದು. ಗವಾನನು ಗೋವೆಯನ್ನು ಗೆದ್ದದ್ದು, ಬೀದರಿನಲ್ಲಿ ಅವನ ಮದರಸಾ ಎದ್ದು ನಿಂತದ್ದು 1472ರಲ್ಲಿ ಎಂಬುದನ್ನು ನೆನೆದರೆ ಆ ವ್ಯತ್ಯಾಸದ ತೂಕ ತಿಳಿಯುತ್ತದೆ. ಗೋವೆ ಬಹಮನಿಯರ ವಶವಾಗುವ ಮುಂಚಿನ ಕುದುರೆ ಮಾರುಕಟ್ಟೆಯೇ ಬೇರೆ, ವಶವಾದ ಮೇಲಿನದೇ ಬೇರೆ. ನಮ್ಮ ಹುಡುಗಿಯ ಸಂಶೋಧನೆ ನಿಂತಿರುವುದೇ ಈ ಎರಡು ವರ್ಷಗಳ ಮೇಲೆ. ಇನ್ನೂ ಒಂದು ತೊಡಕುಂಟು. ನಿಕಿತಿನನ ಬರಹ ಅಪ್ಪಟ ರಷ್ಯನ್ ಅಲ್ಲ. ನಡುನಡುವೆ ತುರ್ಕಿ, ಪಾರಸಿ, ಅರಬ್ಬಿ ಮಾತುಗಳನ್ನು ರಷ್ಯನ್ ಲಿಪಿಯಲ್ಲಿ ಬರೆಯುತ್ತಾನೆ. ಕೊನೆಯ ಪ್ರಾರ್ಥನೆಯೂ ಹಾಗೆಯೇ ಇದೆ. ಸ್ಲಾವಿಕ್ ಅಧ್ಯಯನವನ್ನು ಮಧ್ಯ ಏಷ್ಯದ ಅಧ್ಯಯನದೊಡನೆ ಕೂಡಿಸಿ 'ಯುರೇಷ್ಯ' ಎಂದು ಹೆಸರಿಡುವುದು ಇತ್ತೀಚಿನ ಪಂಡಿತರ ಖಯಾಲಿ ಎಂದು ನಗುವವರು ಈ ಒಂದು ಬರಹವನ್ನು ನೋಡಬೇಕು.

ಹುಡುಕಾಟಕ್ಕೆ ನಾವೂ ಅವಳೊಡನೆ ಕುಳಿತೆವು. ಬೀದರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ರಷ್ಯನ್ ಗ್ರಂಥಸೂಚಿಗಳು ಬಾಯಿ ಬಿಡುವುದಿಲ್ಲ. ರಷ್ಯನ್ ಲಿಪಿಯಲ್ಲಿಯೇ ಕೇಳಬೇಕು. ಅದರಲ್ಲಿಯೂ ನಿಕಿತಿನನಿಗೆ ಬೀದರ್ 'ಬೆದೆರ್', ಆಳಂದ 'ಅಲ್ಯಂದ್'. ರಷ್ಯನ್ ಲಿಪಿಯನ್ನು ರೋಮನ್ನಿಗೆ ಇಳಿಸುವ ಪದ್ಧತಿಗಳು ಹಲವು. ಅಮೆರಿಕದ ಗ್ರಂಥಾಲಯಗಳದು ಒಂದಾದರೆ ಜರ್ಮನರದು ಇನ್ನೊಂದು. ಚೆಕೋವನ ಹೆಸರು ಒಂದು ಸೂಚಿಯಲ್ಲಿ 'ಸಿ'ಯಿಂದ ಮೊದಲಾದರೆ ಮತ್ತೊಂದರಲ್ಲಿ 'ಟಿ'ಯಿಂದ. 1918ರ ಕಾಗುಣಿತ ಸುಧಾರಣೆಯಲ್ಲಿ ರಷ್ಯನ್ ಲಿಪಿಯಿಂದ ಕೆಲವು ಅಕ್ಷರಗಳೇ ಹೊರಬಿದ್ದವು. ಅದಕ್ಕೆ ಹಿಂದಿನ ಮುದ್ರಣಗಳನ್ನು ಹುಡುಕುವವನು ಆ ಸತ್ತ ಅಕ್ಷರಗಳನ್ನೂ ಬಲ್ಲವನಾಗಿರಬೇಕು. ಱ, ೞಗಳನ್ನು ಕಳೆದುಕೊಂಡ ನಮಗೆ ಈ ಕಷ್ಟವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹೀಗಿದ್ದರೂ ದಾರಿ ಮುಚ್ಚಿಲ್ಲ. ಪೀಟರ್ಸ್‌ಬರ್ಗಿನ ರಷ್ಯನ್ ಸಾಹಿತ್ಯ ಸಂಸ್ಥೆ—ಪುಷ್ಕಿನ್ ಭವನವೆಂದು ಖ್ಯಾತವಾದುದು—ಪ್ರಾಚೀನ ರಷ್ಯನ್ ಸಾಹಿತ್ಯದ ಗ್ರಂಥಮಾಲೆಯನ್ನು ಮೂಲ ಮತ್ತು ಆಧುನಿಕ ರಷ್ಯನ್ ಅನುವಾದಗಳೊಡನೆ ಅಂತರಜಾಲದಲ್ಲಿ ಉಚಿತವಾಗಿ ಇರಿಸಿದೆ, ನಿಕಿತಿನನೂ ಅದರಲ್ಲಿದ್ದಾನೆ. 1857ರ ಇಂಗ್ಲಿಷ್ ಅನುವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ದೊರೆಯುತ್ತದೆ. ರಷ್ಯನ್ ವಿದ್ವತ್ ಲೇಖನಗಳಿಗಾಗಿ 2012ರಲ್ಲಿ ಆರಂಭವಾದ ಸೈಬರ್‌ಲೆನಿಂಕಾ ಎಂಬ ಮುಕ್ತ ಭಂಡಾರವಿದೆ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಸ್ಲಾವಿಕ್-ಯುರೇಷ್ಯ ಕೇಂದ್ರದವರು ತಮ್ಮ ಪ್ರಕಟಣೆಗಳನ್ನು ಬಹುಮಟ್ಟಿಗೆ ತೆರೆದಿಟ್ಟಿದ್ದಾರೆ. ಇವೆಲ್ಲಕ್ಕಿಂತ ನಮ್ಮನ್ನು ಅಚ್ಚರಿಗೊಳಿಸಿದ್ದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಗ್ರಂಥಾಲಯ ನಡೆಸುವ ಸ್ಲಾವಿಕ್ ಉಲ್ಲೇಖ ಸೇವೆ. ಈ ಕ್ಷೇತ್ರದ ಸಂಶೋಧಕರು ಎಲ್ಲಿಂದ ಪ್ರಶ್ನೆ ಕಳುಹಿಸಿದರೂ, ಯಾವ ಪುಸ್ತಕ ಯಾವ ಸೂಚಿಯಲ್ಲಿ ಯಾವ ಹೆಸರಿನಲ್ಲಿ ಅಡಗಿದೆಯೆಂದು ಗ್ರಂಥಪಾಲಕರೇ ಹುಡುಕಿ ತಿಳಿಸುವ ಏರ್ಪಾಡು ಅದು. ಯಂತ್ರ ಎಷ್ಟು ಮುಂದುವರಿದರೂ ಪ್ರಶ್ನೆ ಕೇಳಿಸಿಕೊಳ್ಳಲು ಒಬ್ಬ ಮನುಷ್ಯ ಇರಬೇಕೆಂಬುದನ್ನು ಅವರು ಬಲ್ಲರು. ಕನ್ನಡಕ್ಕೆ ಇಂತಹುದೊಂದು ಸೇವಾಪೀಠವನ್ನು ನಮ್ಮ ಯಾವ ವಿಶ್ವವಿದ್ಯಾಲಯವಾದರೂ ಏಕೆ ತೆರೆಯಬಾರದು?

ಹಣ ತೆತ್ತು ಒಳಹೋಗಬೇಕಾದ ಭಂಡಾರಗಳದು ಬೇರೆಯೇ ಕಥೆ. 'ಪ್ರಾವ್ದಾ', 'ಇಜ್ವೆಸ್ತಿಯಾ' ಪತ್ರಿಕೆಗಳ ಮೊದಲ ಸಂಚಿಕೆಯಿಂದ ಮೊದಲ್ಗೊಂಡು ಪುಟಪುಟವನ್ನೂ ಶೋಧಿಸಬಲ್ಲ ಸಂಗ್ರಹಗಳನ್ನು ಅಮೆರಿಕದ ಈಸ್ಟ್ ವ್ಯೂ ಎಂಬ ಸಂಸ್ಥೆ ಮಾರುತ್ತದೆ. ಕೊಳ್ಳಬಲ್ಲವು ದೊಡ್ಡ ಗ್ರಂಥಾಲಯಗಳು ಮಾತ್ರ. ಭಾರತ ಸರ್ಕಾರವು 2025ರಿಂದ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ವೆಚ್ಚದಲ್ಲಿ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯನ್ನು ಜಾರಿಗೆ ತಂದು, 30 ಪ್ರಕಾಶಕರ ಸುಮಾರು 13,000 ವಿದ್ವತ್ ನಿಯತಕಾಲಿಕಗಳನ್ನು 6,300ರಷ್ಟು ಸಂಸ್ಥೆಗಳಿಗೆ ಒದಗಿಸಲು ಹೊರಟಿರುವುದು ಸ್ತುತ್ಯರ್ಹವೇ. ಆದರೆ ಅದರ ಬಾಗಿಲು ತೆರೆದದ್ದು ಸರ್ಕಾರಿ ಸಂಸ್ಥೆಗಳವರಿಗೆ. ಖಾಸಗಿ ಕಾಲೇಜಿನಲ್ಲಿ ಕುಳಿತ ನಮ್ಮ ಹುಡುಗಿ ಹೊರಗುಳಿದಳು. ನಿವೃತ್ತಿಯಾದ ಮೇಲೆ ಸ್ವಂತ ಆಸಕ್ತಿಯಿಂದ ಚರಿತ್ರೆ ಬರೆಯುವ ನಮ್ಮ ಸಂಘದ ಹಲವು ಹಿರಿಯರೂ ಹೊರಗೇ. ಕನ್ನಡ ಸಂಶೋಧನೆಯ ದೊಡ್ಡ ಭಾಗ ಇಂತಹ ಸಂಸ್ಥೆಯಿಲ್ಲದ ಜನರಿಂದಲೇ ನಡೆದಿದೆಯೆಂಬುದನ್ನು ಯೋಜನೆ ರೂಪಿಸುವವರು ಗಮನಿಸಬೇಕು.

ಇನ್ನೊಂದು ಸಂಗತಿ. 2022ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ದಂಡೆತ್ತಿ ಹೋದ ಮೇಲೆ ರಷ್ಯದ ಕೆಲವು ಸರ್ಕಾರಿ ಜಾಲತಾಣಗಳು ಹೊರದೇಶಗಳಿಂದ ತೆರೆಯದಾದವು. ಹಾರ್ಕಿವ್‌ನ ಕೊರೊಲೆಂಕೊ ಗ್ರಂಥಾಲಯಕ್ಕೆ ಹಾನಿಯಾಯಿತು. ಚೆರ್ನಿಹಿವ್‌ನಲ್ಲಿ ಹಳೆಯ ಗುಪ್ತಚರ ಇಲಾಖೆಯ ಕಡತಗಳು ಸುಟ್ಟುಹೋದವು. ಯಾಳ್ಪಾಣದ ಗ್ರಂಥಾಲಯಕ್ಕೆ 1981ರಲ್ಲಿ ಬೆಂಕಿಯಿಟ್ಟಾಗ ಈ ನಗರ ಹೇಗೆ ಮರುಗಿತೆಂಬುದನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ ಇದರ ನೋವು ತಿಳಿದೀತು. ಯುದ್ಧ ಆರಂಭವಾದ ಕೆಲವೇ ದಿನಗಳಲ್ಲಿ ಲೋಕದ ಬೇರೆಬೇರೆ ಮೂಲೆಗಳ ಸಾವಿರಕ್ಕೂ ಮಿಕ್ಕ ಗ್ರಂಥಪಾಲಕರು, ಅಧ್ಯಾಪಕರು, ವಿದ್ಯಾರ್ಥಿಗಳು ತಂತಮ್ಮ ಮನೆಗಳಲ್ಲಿ ಕುಳಿತು ಉಕ್ರೇನಿನ ವಸ್ತುಸಂಗ್ರಹಾಲಯ, ಗ್ರಂಥಾಲಯಗಳ ಜಾಲತಾಣಗಳನ್ನು ನಕಲು ಮಾಡಿ ಉಳಿಸಿಕೊಂಡರು. ಅವರಲ್ಲಿ ಬಹುಮಂದಿಗೆ ಆ ನಾಡಿನೊಡನೆ ನಂಟಿರಲಿಲ್ಲ.

ಈ ಹುಡುಕಾಟದಲ್ಲಿ ನಮ್ಮ ಮನಸ್ಸಿಗೆ ಹೆಚ್ಚು ನಾಟಿದ್ದು ಒಂದು ಹೋಲಿಕೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು 15 ರಾಷ್ಟ್ರಗಳಾದಾಗ ಹಳೆಯ ಕೇಂದ್ರಾಡಳಿತದ ಕಡತಗಳು ಮಾಸ್ಕೋದಲ್ಲಿಯೇ ಉಳಿದವು. ಜಾರ್ಜಿಯದವನಾಗಲಿ ಕಜಾಕ್‌ನವನಾಗಲಿ ತನ್ನ ಅಜ್ಜನ ಕಾಲದ ಚರಿತ್ರೆಗೆ ಪರರಾಷ್ಟ್ರದ ರಾಜಧಾನಿಗೆ ಹೋಗಬೇಕಾಯಿತು. ನಮ್ಮ ಸ್ಥಿತಿಯೂ ಬೇರೆಯಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ರಂದು, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರ ನವೆಂಬರ್ 1ರಂದು ಮದರಾಸಿನಿಂದ ಬಿಡುಗಡೆ ಹೊಂದಿ ಮೈಸೂರನ್ನು ಸೇರಿದವು. ಕಾಸರಗೋಡು ಕೇರಳಕ್ಕೆ ಹೋಯಿತು. ನೆಲ ಹೋಯಿತು, ಜನ ಹೋದರು. ಕಂಪನಿ ಸರ್ಕಾರದ ಕಾಲದ ಕೇಂದ್ರ ಕಡತಗಳು ಮಾತ್ರ ಎಗ್ಮೋರಿನ ಕೆಂಪು ಕಟ್ಟಡದಲ್ಲಿ, ಈಗಿನ ತಮಿಳುನಾಡು ಪತ್ರಾಗಾರದಲ್ಲಿ ಇವೆ. ಮಂಗಳೂರಿನ ಸಂಶೋಧಕರು ರಾತ್ರಿಯ ರೈಲು ಹಿಡಿದು ಬಂದು ನೋಡಬೇಕಾದ ಕಾಗದಗಳು ನಮ್ಮ ಮನೆಗಳಿಂದ ನಗರದ ಬಸ್ಸಿನ ದಾರಿಯಲ್ಲಿವೆ. ಕರ್ನಲ್ ಮೆಕೆಂಜಿಯು ಕಾವಲಿ ಸೋದರರು, ಜೈನ ವಿದ್ವಾಂಸ ಧರ್ಮಯ್ಯ ಮೊದಲಾದವರ ನೆರವಿನಿಂದ ಊರೂರು ತಿರುಗಿ ಕೂಡಿಸಿದ ಸಂಗ್ರಹದ ಒಂದು ದೊಡ್ಡ ಭಾಗ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿದೆ. ಕರ್ನಾಟಕದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ಹೊರತಂದ ಮೇಲೆ ಅದರ ಬೆಲೆ ಎಲ್ಲರಿಗೂ ತಿಳಿಯಿತು. ಕಿಟ್ಟೆಲರ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ನಾಲ್ಕು ಸಂಪುಟಗಳಾಗಿ ಕೊಟ್ಟದ್ದೂ ಇದೇ ನಗರದ ವಿಶ್ವವಿದ್ಯಾಲಯದಿಂದ.

ರಷ್ಯಕ್ಕೂ ಈ ನಗರಕ್ಕೂ ಇರುವ ನಂಟು ಸಹ ಹಳೆಯದೇ. ಬಂಗಾಳಿ ರಂಗಭೂಮಿಯ ಆದಿಪುರುಷರಲ್ಲಿ ಒಬ್ಬನೆಂದು ಹೆಸರಾದ ಪಿಟೀಲುವಾದಕ ಗೆರಾಸಿಂ ಲೆಬೆಡೆವ್ ಕಲ್ಕತ್ತೆಗೆ ಹೋಗುವ ಮುನ್ನ 1785ರಿಂದ ಎರಡು ವರ್ಷ ಇಲ್ಲಿಯೇ ಇದ್ದ. ಅಡ್ಯಾರಿನ ಥಿಯೊಸಾಫಿಕಲ್ ಸೊಸೈಟಿಯ ಸ್ಥಾಪಕಿ ಬ್ಲಾವಟ್ಸ್ಕಿ ಹಿಂದೂಸ್ತಾನವನ್ನು ಕುರಿತು ರಷ್ಯನ್ನಿನಲ್ಲಿ ಬರೆದ ಲೇಖನಮಾಲೆ ಮಾಸ್ಕೋದ ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಆಕೆ ಹುಟ್ಟಿದ ಊರು ಇಂದಿನ ಉಕ್ರೇನಿನ ದ್ನಿಪ್ರೊ. ಗ್ರಂಥಸೂಚಿಗಳಲ್ಲಿ ಆಕೆ 'ರಷ್ಯನ್' ಎಂದೇ ದಾಖಲಾಗಿದ್ದಾಳೆ. ಮದರಾಸಿನಲ್ಲಿ ಹುಟ್ಟಿದ ಕನ್ನಡಿಗರನ್ನು ಬಡಗನಾಡಿನವರು 'ಮದ್ರಾಸಿ' ಎಂದು ಒಂದೇ ಮಾತಿನಲ್ಲಿ ಮುಗಿಸಿದ ಹಾಗೆ.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಟಾಲ್‌ಸ್ಟಾಯ್ ಅವರ ಕಾದಂಬರಿಗಳನ್ನು ದೇ. ಜವರೇಗೌಡರು, ಓ. ಎಲ್. ನಾಗಭೂಷಣ ಸ್ವಾಮಿಯವರು ಕನ್ನಡಕ್ಕೆ ತಂದದ್ದು, ನಿರಂಜನರ ಸಂಪಾದಕತ್ವದಲ್ಲಿ 'ವಿಶ್ವಕಥಾಕೋಶ'ದ 25 ಸಂಪುಟಗಳು ಬಂದದ್ದು ಎಲ್ಲರೂ ಬಲ್ಲ ಸಂಗತಿ. ಅವು ಕರ್ನಾಟಕದಲ್ಲಿ ಅಚ್ಚಾದವು. 1954ರ ಗ್ರಂಥ ಸಲ್ಲಿಕೆ ಕಾಯಿದೆಯ ಪ್ರಕಾರ ಭಾರತದಲ್ಲಿ ಪ್ರಕಟವಾಗುವ ಪ್ರತಿ ಪುಸ್ತಕದ ಒಂದು ಪ್ರತಿ ನಮ್ಮ ಕನ್ನೆಮೆರಾ ಗ್ರಂಥಾಲಯಕ್ಕೂ ಬರಬೇಕು. ಪ್ರಕಾಶಕರು ಕಾಯಿದೆಯನ್ನು ಪಾಲಿಸಿದ್ದರೆ ಅವು ಇಲ್ಲಿಯೂ ಇರಬೇಕು. ಆದರೆ ಕನ್ನಡದಲ್ಲಿ ಅಚ್ಚಾದ ಇನ್ನೊಂದು ಗ್ರಂಥರಾಶಿ ಈ ಕಾಯಿದೆಯ ಕಣ್ಣಿಗೆ ಬೀಳಲೇ ಇಲ್ಲ. ಮಾಸ್ಕೋದ ಪ್ರಗತಿ ಪ್ರಕಾಶನ, ರಾದುಗ ಪ್ರಕಾಶನಗಳು ಹೊರತಂದ ಕನ್ನಡ ಪುಸ್ತಕಗಳು ಅವು. ಭಾರತೀಯ ಭಾಷೆಗಳ ಅನುವಾದಕರು ಮಾಸ್ಕೋದಲ್ಲಿಯೇ ನೆಲೆಸಿ ಕೆಲಸ ಮಾಡಿದರು. ಅಲ್ಲಿಯೇ ಮೊಳೆ ಜೋಡಿಸಿ, ಅಲ್ಲಿಯೇ ಅಚ್ಚು ಹಾಕಿ, ಹಡಗಿನಲ್ಲಿ ಕಳುಹಿಸಿ, ನವಕರ್ನಾಟಕದಂತಹ ಸಂಸ್ಥೆಗಳ ಮೂಲಕ ಕೆಲವೇ ರೂಪಾಯಿಗಳಿಗೆ ಮಾರಿದರು. ಗಟ್ಟಿ ರಟ್ಟು, ಬಣ್ಣದ ಚಿತ್ರಗಳು, ಉಕ್ರೇನಿನ ಕೈಗವುಸಿನ ಕಥೆ, ಸೈಬೀರಿಯದ ನರಿಯ ಕಥೆ—1970, 80ರ ದಶಕಗಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಬೆಂಗಳೂರಿನ ಅಜ್ಜಿಯ ಮನೆಯಿಂದ ಬರುತ್ತಿದ್ದ ಉಡುಗೊರೆ ಅದೇ ಆಗಿತ್ತು. ಅವುಗಳ ಹಿಂದೆ ಒಂದು ರಾಜ್ಯದ ಪ್ರಚಾರ ಕಾರ್ಯವಿತ್ತೆಂಬುದು ನಿಜ. ಆ ಕಾರಣದಿಂದಲೇ ಅವು ಚರಿತ್ರೆಗೆ ಆಕರಗಳು.

ಆ ಪ್ರಕಾಶನಗಳು ಕಣ್ಮರೆಯಾಗಿ ಮೂರು ದಶಕಗಳಾದವು. ಎಷ್ಟು ಕನ್ನಡ ಪುಸ್ತಕಗಳು ಮಾಸ್ಕೋದಲ್ಲಿ ಅಚ್ಚಾದವು? ಯಾರು ಅನುವಾದಿಸಿದರು? ಎಷ್ಟು ಪ್ರತಿ? ಬಂಗಾಳಿ, ತೆಲುಗು ಭಾಷೆಗಳಲ್ಲಿ ಆಸಕ್ತರು ತಂತಮ್ಮ ಸೋವಿಯತ್ ಪುಸ್ತಕಗಳನ್ನು ಹುಡುಕಿ, ಪಟ್ಟಿಮಾಡಿ, ಜಾಲದಲ್ಲಿ ಇರಿಸುವ ಕೆಲಸವನ್ನು ಬಹಳ ಹಿಂದೆಯೇ ಕೈಗೊಂಡರು. ಕನ್ನಡದಲ್ಲಿ ಕೈಮಾದರಿ ಇಲ್ಲವೆಂದಲ್ಲ. ಭಾರತೀಯ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಲಕ್ಷಾಂತರ ಪುಸ್ತಕಗಳ ಪುಟಗಳು ಯಂತ್ರಕ್ಕೇರಿದರೂ ಕನ್ನಡ ಶೀರ್ಷಿಕೆಗಳು ವಿಕಾರವಾದ ಇಂಗ್ಲಿಷ್ ಅಕ್ಷರಗಳಲ್ಲಿ ಹೂತು ಹೋಗಿದ್ದವು. 'ಸಂಚಯ' ತಂಡದವರು ಸಾಮಾನ್ಯ ಓದುಗರ ಕೈಯಿಂದಲೇ ಅವನ್ನು ಕನ್ನಡಕ್ಕೆ ತಿದ್ದಿಸಿ ಹುಡುಕಲು ಬರುವಂತೆ ಮಾಡಿದರು. ಯಾರೂ ದೊಡ್ಡ ವಿದ್ವಾಂಸರಾಗಿರಬೇಕಿರಲಿಲ್ಲ. ಕನ್ನಡ ಓದಲು ಬಂದರೆ ಸಾಕಿತ್ತು.

ಇದೇ ಕೆಲಸವನ್ನು ನಮ್ಮ ಸಂಘ ಕೈಗೆತ್ತಿಕೊಳ್ಳಬೇಕೆಂಬುದು ಸಂಪಾದಕ ಮಂಡಲಿಯ ಖಚಿತ ಅಭಿಪ್ರಾಯ. ತ್ಯಾಗರಾಯನಗರ, ಮಾಂಬಲಂ, ತಿರುವಲ್ಲಿಕ್ಕೇಣಿಗಳ ಹಳೆಯ ಮನೆಗಳು ಒಂದೊಂದಾಗಿ ಕೆಡವಲ್ಪಟ್ಟು ಅಲ್ಲಿ ಬಹುಮಹಡಿ ಕಟ್ಟಡಗಳು ಏಳುತ್ತಿವೆ. ಹಿರಿಯರು ತೀರಿಕೊಂಡ ತಿಂಗಳೊಳಗೆ ಅವರ ಪುಸ್ತಕದ ಬೀರು ಹಳೇ ಪೇಪರಿನವನ ತಕ್ಕಡಿಗೆ ಏರುವುದನ್ನು ನಾವು ಕಂಡಿದ್ದೇವೆ. ಕನ್ನಡ ಓದಲು ಬಾರದ ಮಕ್ಕಳನ್ನು ದೂರಿ ಫಲವಿಲ್ಲ. ಅವರಿಗೆ ಅದು ಏನೆಂದು ನಾವು ಹೇಳಿಲ್ಲ. ಈ ಲೇಖಕನ ಮನೆಯಲ್ಲಿಯೂ ಹಾಗೆ ಎರಡು ಪೆಟ್ಟಿಗೆ ಪುಸ್ತಕ ಹೊರಟುಹೋಯಿತೆಂದು ಒಪ್ಪಿಕೊಳ್ಳಬೇಕು.

ಕಾನೂನಿನ ಮಾತನ್ನೂ ಸ್ಪಷ್ಟಪಡಿಸಬೇಕು. ನಮ್ಮ ದೇಶದಲ್ಲಿ ಲೇಖಕನ ಹಕ್ಕು ಅವನ ಮರಣಾನಂತರ 60 ವರ್ಷ ಉಳಿಯುತ್ತದೆ. ಅನುವಾದಕನ ಹಕ್ಕೂ ಹಾಗೆಯೇ. ಪ್ರಕಾಶಕ ಇಲ್ಲವಾದ ಮಾತ್ರಕ್ಕೆ ಪುಸ್ತಕ ಎಲ್ಲರದೂ ಆಗುವುದಿಲ್ಲ. ಆದರೆ 2012ರ ತಿದ್ದುಪಡಿಯಂತೆ, ಲಾಭಕ್ಕಾಗಿ ನಡೆಯದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿರುವ ಪುಸ್ತಕದ ವಿದ್ಯುನ್ಮಾನ ಪ್ರತಿಯನ್ನು ಸಂರಕ್ಷಣೆಗಾಗಿ ಇರಿಸಿಕೊಳ್ಳಬಹುದು. ಆದ್ದರಿಂದ ಮೊದಲು ಪಟ್ಟಿ, ಅನಂತರ ಪ್ರತಿ ಮಾಡಿಸುವುದು, ಪ್ರಕಟಣೆಯ ಮಾತು ಅನುವಾದಕರನ್ನೋ ಅವರ ವಾರಸುದಾರರನ್ನೋ ಪತ್ತೆಹಚ್ಚಿದ ಮೇಲೆ. ನಗರದ ರೋಜಾ ಮುತ್ತಯ್ಯ ಸಂಶೋಧನ ಗ್ರಂಥಾಲಯವು ಒಬ್ಬ ಚೆಟ್ಟಿಯಾರರ ಖಾಸಗಿ ಸಂಗ್ರಹದಿಂದ ಮೊದಲಾಗಿ ತಮಿಳಿಗೆ ಏನು ಮಾಡಿದೆಯೆಂಬುದನ್ನು ತರಮಣಿಗೆ ಹೋಗಿ ನೋಡಿಬರುವಂತೆ ಸದಸ್ಯರನ್ನು ಕೋರುತ್ತೇವೆ.

ಪುಸ್ತಕ ಕೊಡಲು ಮನಸ್ಸಿಲ್ಲದವರು ಕೊಡಬೇಕಾಗಿಲ್ಲ. ತಂದು ತೋರಿಸಿ ಒಯ್ಯಬಹುದು. ಹೆಸರು, ಅನುವಾದಕ, ವರ್ಷಗಳೊಡನೆ ಕೊನೆಯ ಪುಟವನ್ನೂ ತಪ್ಪದೆ ನೋಡಿ ಎಂಬುದು ನಮ್ಮ ವಿಶೇಷ ಮನವಿ. ಅಲ್ಲಿ ಸಣ್ಣ ರಷ್ಯನ್ ಅಕ್ಷರಗಳಲ್ಲಿ ಯಾರೂ ಓದದ ಕೆಲವು ಸಾಲುಗಳಿರುತ್ತವೆ. ಮುದ್ರಣಕ್ಕೆ ಕಳುಹಿಸಿದ ದಿನಾಂಕ, ಕಾಗದದ ಅಳತೆ, ಪ್ರತಿಗಳ ಸಂಖ್ಯೆ ಇವೆಲ್ಲ ಸಾಮಾನ್ಯವಾಗಿ ಅದರಲ್ಲಿ ದಾಖಲಾಗಿರುತ್ತವೆ. ಮಾಸ್ಕೋದ ಗ್ರಂಥಸೂಚಿಯಲ್ಲಿ ಆ ಪುಸ್ತಕವನ್ನು ಹುಡುಕಲು ಬೇಕಾದ ಮೂಲ ಶೀರ್ಷಿಕೆಯೂ ಅಲ್ಲಿಯೇ ಸಿಗುತ್ತದೆ. ಆ ಸಾಲುಗಳನ್ನು ಓದಿಕೊಡಲು ನಮ್ಮ ಸಂಶೋಧಕಿ ಒಪ್ಪಿದ್ದಾಳೆ. ನಿಕಿತಿನನಿಗಾಗಿ ಅವಳು ಈಗ ರಷ್ಯನ್ ಕಲಿಯುತ್ತಿದ್ದಾಳೆ. ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ 10ರಿಂದ 1ರ ವರೆಗೆ ವಾಚನಾಲಯದ ದೊಡ್ಡ ಮೇಜು ಈ ಕೆಲಸಕ್ಕೆ ಮೀಸಲು. ಮುಂದಿನ ಸಂಚಿಕೆಯಲ್ಲಿ ಮೊದಲ ಪಟ್ಟಿಯನ್ನು ಪ್ರಕಟಿಸುವೆವು. ಇದುವರೆಗೆ ಬಂದಿರುವುದು ಹನ್ನೊಂದು ಪುಸ್ತಕ. ಅವುಗಳಲ್ಲಿ ಒಂದರ ಮುಖಪುಟವೂ ಶೀರ್ಷಿಕೆಯ ಪುಟವೂ ಹರಿದುಹೋಗಿ, ಒಳಗೆ ಕರಡಿಯ ಚಿತ್ರಕ್ಕೆ ಯಾವುದೋ ಮಗು ನೀಲಿ ಪೆನ್ಸಿಲಿನಿಂದ ಮೀಸೆ ಬರೆದಿದೆ. ಕೊನೆಯ ಪುಟ ಮಾತ್ರ ಪೂರ್ತಿಯಾಗಿ ಉಳಿದಿದೆ.